ಸುಗಂಧ ಯಂತ್ರದವರ ಬಾಯಿಗೆ ಟೇಪು ಅಂಟಿಸಿದ ಬಗ್ಗೆ

ಕೋಲಾರ ಶಾಖೆಯ ಎರಡನೇ ಮಹಡಿಯ ಗೋಡೆಯಲ್ಲಿ ವಿರಾಜಮಾನರಾಗಿ, ಆಗಾಗ ಪುಸ್ಸೆಂದು ಮಲ್ಲಿಗೆ ಉಗುಳುವ ಸುಗಂಧ ಯಂತ್ರದವರ ಸನ್ನಿಧಿಗೆ, ಅವರ ನೇರ ಕೆಳಗಿನ ಕುರ್ಚಿಯಲ್ಲಿ ಕೂರುವ ಅಪ್ರೆಂಟಿಸ್, ಸುಗಟೂರಿನ ಅನಿತ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿರುವುದು ಬಾಗಿಲು ತೆರೆದ ಕೂಡಲೇ ಮೂಗಿಗೆ ಗೊತ್ತಾಗುವುದರಿಂದ ಆ ಬಗ್ಗೆ ವಿಚಾರಿಸದೆ ನೇರವಾಗಿ ವಿಷಯಕ್ಕೆ ಬರುತ್ತೇನೆ. ಹೋದ ವಾರ ತಮ್ಮ ಬಾಯಿಗೆ ಪ್ಯಾಕಿಂಗ್ ಟೇಪು ಅಂಟಿಸಿದವಳು ನಾನೇ. ಅದಕ್ಕಾಗಿ ಶುಕ್ರವಾರದೊಳಗೆ ಕ್ಷಮಾಪಣೆ ಪತ್ರ ಬರೆದುಕೊಡಬೇಕೆಂದೂ, ಕೊಡದಿದ್ದರೆ ‘ವೃತ್ತಿ ನಡತೆ’ಯ ಅಂಕವನ್ನು ಕಾಲೇಜಿಗೆ ಕಳಿಸುವುದಿಲ್ಲವೆಂದೂ, ಆ ಅಂಕವಿಲ್ಲದೆ ಡಿಗ್ರಿ ಇಲ್ಲವೆಂದೂ ನನ್ನ ಮಾರ್ಗದರ್ಶಕರಾದ ಉಮಾಶಂಕರ್ ಸಾರ್ ತಿಳಿಸಿದ್ದಾರೆ. ಯಾರ ಕ್ಷಮೆ ಕೇಳಲಿ ಎಂದು ವಿಚಾರಿಸಿದೆ. ತನಗೇನೂ ಬೇಸರವಾಗಿಲ್ಲ ಎಂದು ಸಾರ್ ಹೇಳಿದರು. ತಾನು ದೂರು ಕೊಟ್ಟೇ ಇಲ್ಲ ಎಂದು ಮ್ಯಾನೇಜರ್ ಶೋಭಾರಾಣಿ ಮೇಡಂ ಹೇಳಿದರು. ಬಾಯಿ ಮುಚ್ಚಿದ ಕೂಡಲೇ ತಾವೇ ಸ್ವತಃ ವೈಫೈ ಮೂಲಕ ಬೆಂಗಳೂರಿನ ಮುಖ್ಯ ಕಚೇರಿಗೆ ಸಂದೇಶ ಕಳಿಸಿದಿರಂತೆ, ಅಲ್ಲಿಂದ ಆಜ್ಞೆ ಬಂದು ಟೇಪು ಕಿತ್ತರು. ಇಡೀ ಸಂಸ್ಥೆಯಲ್ಲಿ ನೊಂದ ಜೀವ ತಮ್ಮದೊಂದೇ ಆಗಿರುವುದರಿಂದ ಈ ಪತ್ರ ತಮಗೇ ಸಲ್ಲತಕ್ಕದ್ದು. ತಮಗೆ ಓದಲು ಬರುತ್ತದೋ ಇಲ್ಲವೋ ತಿಳಿಯದೆ ನೋಟಿಸ್ ಬೋರ್ಡಿಗೂ ಒಂದು ಪ್ರತಿ ಹಚ್ಚುತ್ತಿದ್ದೇನೆ.

ನಾನು ಕೆಲಸ ಮಾಡುತ್ತಲೇ ಬಿ.ಕಾಂ. ಮುಗಿಸುವ ಹೊಸ ಬಗೆಯ ಡಿಗ್ರಿಯವಳು. ವ್ಯಾಪಾರಿಗಳ ಲೆಕ್ಕ ತಪಾಸಣೆ ಮಾಡಿ ತೆರಿಗೆಯ ಸಲಹೆ ಕೊಡುವ ಈ ಸಂಸ್ಥೆಯಲ್ಲಿ ವಾರವೆಲ್ಲ ದುಡಿದು ಶನಿವಾರ ಕಾಲೇಜಿಗೆ ಹೋಗುತ್ತೇನೆ. ಬಸ್ ಪಾಸ್ ಕೇಳಿದರೆ ಕೆಲಸಕ್ಕೆ ಹೋಗುವವಳಿಗೆ ವಿದ್ಯಾರ್ಥಿ ಪಾಸ್ ಯಾಕೆ ಎನ್ನುತ್ತಾರೆ, ಕಚೇರಿಯಲ್ಲಿ ರಜೆ ಕೇಳಿದರೆ ವಿದ್ಯಾರ್ಥಿನಿಗೆ ನೌಕರರ ರಜೆ ಯಾಕೆ ಎನ್ನುತ್ತಾರೆ. ಹಾಗೆಂದು ಏನೂ ಕಲಿಯಲಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಮಾಲೂರಿನ ಕಾರ್ಖಾನೆಯಲ್ಲಿ ಏಣಿ ಹತ್ತಿ ಸ್ಟಾಕ್ ಎಣಿಸುವುದನ್ನೂ, ಶ್ರೀನಿವಾಸಪುರದ ಮಾವಿನ ಮಂಡಿಯ ಲೆಕ್ಕ ತಾಳೆ ನೋಡುವುದನ್ನೂ, ಅರ್ಥವಾಗದ ಮೀಟಿಂಗಿನಲ್ಲಿ ಅರ್ಥವಾದವಳಂತೆ ತಲೆಯಾಡಿಸುವುದನ್ನೂ ಇಲ್ಲಿಯೇ ಕಲಿತೆ. ಆದರೂ ತಮ್ಮ ಮುಂದೆ ನಾನೆಷ್ಟರವಳು? ತಮ್ಮನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದ ದಿನವೇ ತಾವು ಖಾಯಂ ಆದಿರಿ. ಟೀಗೆ ಏಳುವುದಿಲ್ಲ, ತಡವಾಗಿ ಬರುವುದಿಲ್ಲ, ಮೀಟಿಂಗಿನಲ್ಲಿ ಹೇಳಬೇಕಾದ್ದನ್ನು ಒಂದೇ ಮಾತಿನಲ್ಲಿ ಹೇಳಿ ಸುಮ್ಮನಾಗುತ್ತೀರಿ. ಈ ಗುಣ ದೊಡ್ಡವರಲ್ಲೂ ಅಪರೂಪ.

ತೊಂದರೆ ಏನೆಂದರೆ, ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ನಡುಮನೆಯೂ ದೊಡ್ಡ ಕೋಣೆಯೂ ಹುಳುಗಳದು, ಅಡುಗೆಮನೆಯ ಪಕ್ಕದ ಮೂಲೆ ನಮ್ಮದು. ಹುಳು ಬಂದ ದಿನದಿಂದ ನಮ್ಮಲ್ಲಿ ಪೌಡರು ಹಚ್ಚುವಂತಿಲ್ಲ, ಊದುಬತ್ತಿ ಬೆಳಗುವಂತಿಲ್ಲ, ದೇವರು ಬರೀ ದೀಪದಲ್ಲೇ ತೃಪ್ತಿಪಡಬೇಕು. ಗಾಟು ವಾಸನೆ ತಾಗಿದರೆ ಹುಳು ಮೇವು ಬಿಟ್ಟೀತು ಎಂಬ ಭಯ. ಇಂಥ ಮನೆಗೆ ನಾನು ದಿನವೂ ಸಂಜೆ ತಮ್ಮ ಮಲ್ಲಿಗೆಯಲ್ಲಿ ಮಿಂದು ಬಂದು ನಿಲ್ಲುತ್ತಿದ್ದೆ. ಅಮ್ಮ ಬೈರಮ್ಮ ಅಂಗಳದಲ್ಲೇ ತಡೆದು, “ಅಲ್ಲೇ ನಿಂತ್ಕೊಳೇ! ನೀನು ಹೋಗಿದ್ದು ಆಫೀಸ್ಗಾ, ಮದುವೆ ಮನೆಗಾ? ತೊಟ್ಟಿ ಹತ್ರ ಹೋಗಿ ತಲೆಗೂ ನೀರ್ ಹಾಕ್ಕೊಂಡ್ ಬಾ” ಎನ್ನುತ್ತಿದ್ದಳು. ಹಾಕಿಕೊಂಡೆ. ನೆಗಡಿ ಬಂತು, ವಾಸನೆ ಹೋಗಲಿಲ್ಲ. ತಮ್ಮ ಕಂಪನಿಯ ಕೆಲಸ ಅಷ್ಟು ಗಟ್ಟಿ.

ಹುಳುಗಳು ಕೊನೆಯ ಹಂತಕ್ಕೆ ಬಂದು ಎಷ್ಟು ಸೊಪ್ಪು ಹಾಕಿದರೂ ಸಾಲದೆನ್ನುವ ದಿನಗಳಲ್ಲಿ, ಮೂವರ ಕೈಯೂ ಬೇಕಾದ ಹೊತ್ತಿನಲ್ಲಿ, ಅಮ್ಮ ಮುಖ ತಿರುಗಿಸಿಕೊಂಡು, “ಹುಳ ಗೂಡು ಕಟ್ಟೋ ಗಂಟ ಅಂಜಮ್ಮನ ಮನೇಲಿ ಇರು ಕಣಮ್ಮಾ” ಎಂದಳು. ಅಂಜಮ್ಮ ನಮ್ಮ ಪಕ್ಕದ ಮನೆಯವರು. ಅವರ ಜಗಲಿಯಲ್ಲಿ ಕೂತು, ಅಪ್ಪ ಅಮ್ಮ ಇಬ್ಬರೇ ಸೊಪ್ಪಿನ ಹೊರೆ ಹೊತ್ತು ಒಳಗೂ ಹೊರಗೂ ಓಡಾಡುವುದನ್ನು, ಅಮ್ಮ ಸೊಂಟ ಹಿಡಿದುಕೊಂಡು ಗೋಡೆಗೆ ಒರಗುವುದನ್ನು ನೋಡಿದೆ. ಅಳು ಬಂತು, ಮಾನ್ಯರೇ. ನನ್ನ ಮನೆಗೆ ನಾನೇ ರೋಗವಾಗಿದ್ದೆ.

ಕುರ್ಚಿ ಬದಲಿಸಿಕೊಡಿ ಎಂದು ಶೋಭಾರಾಣಿ ಮೇಡಂ ಅವರನ್ನು ಬೇಡಿಕೊಂಡೆ. ಅದಕ್ಕೆ ಕಂಪ್ಯೂಟರಿನಲ್ಲೇ ಅರ್ಜಿ ಹಾಕಬೇಕಂತೆ, ಅರ್ಜಿ ಹಾಕುವ ಹಕ್ಕು ಅಪ್ರೆಂಟಿಸರಿಗೆ ಇಲ್ಲವಂತೆ. ತಮ್ಮನ್ನಾದರೂ ಸ್ವಲ್ಪ ದಿನ ಆಫ್ ಮಾಡಬಹುದೇ ಎಂದರೆ, “ಕ್ಲೈಂಟು ಬರೋ ಜಾಗ ಇದು. ಮಂಡಿಯಿಂದ ಸೀದಾ ಎದ್ದು ಬರ್ತಾರೆ, ಬೆವರು ವಾಸನೆ ನಿಂಗ್ ಗೊತ್ತಿಲ್ವಾ?” ಎಂದರು. ಸಂಸ್ಥೆಯ ಫೀಸು ಆ ಬೆವರಿನಿಂದಲೇ ಬರುತ್ತದೆ ಎಂದು ಹೇಳುವಷ್ಟು ನನ್ನ ತರಬೇತಿ ಇನ್ನೂ ಮುಂದುವರಿದಿರಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹತ್ತಿ, ಫೈಲಿನ ಡಬ್ಬಗಳಿಗೆ ಸುತ್ತುವ ಟೇಪನ್ನು ತಮಗೂ ಸುತ್ತಿದೆ. ಆ ಸಂಜೆ ಅಮ್ಮ ನನ್ನ ಜಡೆ ಹಿಡಿದು ಮೂಸಿ ನೋಡಿದಳು. ಸೊಪ್ಪಿನ ಮಂಕರಿಯನ್ನು ನನ್ನ ಕೈಗೆ ಕೊಟ್ಟಳು. ಅಷ್ಟು ಸಂತೋಷ ನನಗೆ ಯಾವ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಈಗ ತಮ್ಮಲ್ಲಿ ಕೆಲವು ವಿನಂತಿಗಳು. ದಯಮಾಡಿ ಒಂದು ಬೆಳೆಯ ಕಾಲ ಸುಗಟೂರಿಗೆ ಎರವಲು ಸೇವೆಗೆ ಬಂದು, ನಮ್ಮಮ್ಮನ ಕೈಕೆಳಗೆ ಅಪ್ರೆಂಟಿಸ್ ಆಗಿ ಸೇರಿ, ಬಾಯಿ ಬಿಡದೆ ಸೊಪ್ಪು ಕತ್ತರಿಸುವುದನ್ನು ಕಲಿಯಬೇಕು. ತಮ್ಮ ನಡತೆಗೆ ಅವಳು ಅಂಕ ಹಾಕುತ್ತಾಳೆ, ಪಾಸು ಮಾಡುವ ಭರವಸೆ ನಾನು ಕೊಡಲಾರೆ. ಬರಲಾಗದಿದ್ದರೆ, ಬೆಂಗಳೂರಿಗೆ ಇನ್ನೊಂದು ಸಂದೇಶ ಕಳಿಸಿ ನನಗೊಂದು ಬೇರೆ ಕುರ್ಚಿ ಕೊಡಿಸಬೇಕು. ನಾನು ಬರೆದ ಮೂರು ಮೇಲ್‌ಗಳಿಗೆ ಉತ್ತರವಿಲ್ಲ, ತಮ್ಮ ಮಾತಿಗೆ ಅಲ್ಲಿ ಬೆಲೆಯಿದೆ.

ಡಿಗ್ರಿ ನನಗೆ ಬೇಕು. ಬೇಡವೆಂದು ಜಂಬ ಕೊಚ್ಚಿಕೊಳ್ಳುವುದಿಲ್ಲ, ಅಮ್ಮನಿಗೆ ನನಗಿಂತ ಹೆಚ್ಚು ಬೇಕು. ಕೇಳದೆ ಕಚೇರಿಯ ಟೇಪು ಬಳಸಿದ್ದಕ್ಕೆ ಕ್ಷಮಿಸಿ, ಕುರ್ಚಿಯ ಮೇಲೆ ಕಾಲಿಟ್ಟದ್ದಕ್ಕೂ ಕ್ಷಮಿಸಿ. ಆದರೆ ತಮ್ಮ ಬಾಯಿ ಮುಚ್ಚಿದ್ದು ತಪ್ಪೆಂದು ಬರೆಯಲು ನನ್ನ ಕೈ ಏಳುತ್ತಿಲ್ಲ. ಮುಂದಿನ ಬೆಳೆಗೆ ಹುಳು ಬಂದಾಗ ನಾನು ಇದೇ ಕುರ್ಚಿಯಲ್ಲಿದ್ದರೆ ಮತ್ತೆ ಮುಚ್ಚುತ್ತೇನೆ.

ತಮ್ಮ ಸುವಾಸನೆಯಲ್ಲಿ ತೊಯ್ದು ಹೋಗಿರುವ,
ತಮ್ಮ ವಿಶ್ವಾಸಿ,
ಅನಿತ, ಸುಗಟೂರು

ತಾಜಾ ಕಲಂ: ಪತ್ರವನ್ನು ಉಮಾಶಂಕರ್ ಸಾರ್ ಮೂಲಕವೇ ಸಲ್ಲಿಸಬೇಕೆಂಬ ನಿಯಮದಂತೆ ಅವರಿಗೆ ಕೊಟ್ಟೆ. ಅವರು ಓದುತ್ತಿರುವಾಗಲೇ ತಾವು ಪುಸ್ಸೆಂದಿರಿ, ಅವರು ಒಂದರ ಮೇಲೊಂದು ಸೀನಿದರು. ಕಣ್ಣೊರೆಸಿಕೊಂಡು, ಅತ್ತಿತ್ತ ನೋಡಿ, “ಆ ಟೇಪು ಇನ್ನೂ ಮಿಕ್ಕಿದೆಯೇನಮ್ಮಾ?” ಎಂದು ಮೆಲ್ಲಗೆ ಕೇಳಿದರು. ಕೊಟ್ಟಿದ್ದೇನೆ. ನಾಳೆ ತಮ್ಮ ಬಾಯಿ ಮುಚ್ಚಿದ್ದರೆ ಬೆಂಗಳೂರಿಗೆ ಚಾಡಿ ಹೇಳಿ ದಣಿಯಬೇಡಿ. ಸಾರ್ ಅವರಂಥ ಖಾಯಂ ನೌಕರರ ನಡತೆಗೆ ಇಲ್ಲಿ ಯಾರೂ ಅಂಕ ಹಾಕುವುದಿಲ್ಲ.