ದೋಣಿಗೆ ಹೊದಿಸಿದ ಚಾದರ

ಅರಿವೆ ವ್ಯಾಪಾರ ಮಾಡುವವನಿಗೆ ಹರಿದದ್ದನ್ನು, ಒಡೆದದ್ದನ್ನು ಜೋಡಿಸುವುದು ಏನು ಮಹಾ! ಈ ಒಂದೇ ನಂಬಿಕೆಯ ಮೇಲೆ ನಾನು ದೋಣಿ ರಿಪೇರಿಗೆ ಕೈ ಹಾಕಿದೆ.

ದೋಣಿ ಅಕ್ಕಲಕೋಟ ಕಡೆಯ ನಮ್ಮ ಮಾವನವರದು. ಹೊಸ ಆಣೆಕಟ್ಟಿನ ನೀರು ನಿಂತ ಮೇಲೆ ಅವರ ಹೊಲ ಆಚೆ ದಂಡೆಗೆ ಉಳಿದಿತ್ತು. ಸುತ್ತಿ ಹೋದರೆ ಅರ್ಧ ದಿನ. ಅದಕ್ಕೇ ಸರ್ವೇದವರು ಮಾರಿ ಹೋದ ಫೈಬರ್ ಗ್ಲಾಸಿನ ಪುಟ್ಟ ದೋಣಿಯೊಂದನ್ನು ಕೊಂಡಿದ್ದರು. ಅದರೊಳಗೆ ಅವರ ಎತ್ತು ಕಾಲಿಟ್ಟಿತು. ತಳ ಒಡೆಯಿತು.

"ಮುಂಬೈಕ ಕಳಸ್ತೀನಿ" ಎಂದರು ಮಾವ.

"ನಾ ಇರೋತನಕ ಮುಂಬೈ ಯಾಕ್ರೀ? ಎಳೇ ಜ್ವಾಳದ ತೆನಿ ಸುಟ್ಟು ಸೀತನಿ ತಿನ್ನೋ ಹೊತ್ತಿಗಿ ನೀವು ದೋಣ್ಯಾಗ ಕುಂತು ಹೊಲಕ್ಕ ಹೋಗ್ತೀರಿ!" ಎಂದೆ. ಮನೆ ತುಂಬ ಇದ್ದ ನೆಂಟರೆಲ್ಲ ಕೇಳಿಸಿಕೊಂಡರು. ಇನ್ನು ಅಳಿಯನ ಮಾನ ದೋಣಿಯ ಕೈಯಲ್ಲಿತ್ತು. ದೋಣಿ ಎಸ್‌ಟಿ ಬಸ್ಸಿನ ಮೇಲೇರಿ ಸೋಲಾಪುರದ ನಮ್ಮ ಮನೆಗೆ ಬಂತು.

ಅಂಟುವ ರಾಳ, ಅದನ್ನು ಗಟ್ಟಿ ಮಾಡುವ ಔಷಧ, ತೇಪೆಗೆ ಗಾಜಿನ ಅರಿವೆ ಎಲ್ಲ ತರಿಸಿದೆ. ಆ ಅರಿವೆ ಮುಟ್ಟಿ ನೋಡಿ ನನಗೆ ನಗು ಬಂತು. ಹಾಸು ಹೊಕ್ಕು ಎರಡೂ ಸಡಿಲ! ನನ್ನ ಅಂಗಡಿ ಇರುವ ನವಿ ಪೇಠದಲ್ಲಿ ಇಂಥದ್ದನ್ನು ಗಿರಾಕಿ ಮುಂದೆ ಬಿಚ್ಚಿದರೆ ಅಂಗಡಿ ಮುಚ್ಚಿಕೊಂಡು ಹೋಗಬೇಕಾದೀತು. ಒಳಗಿನಿಂದ ನವಿಲಿನ ಚಿತ್ರದ ದಪ್ಪನೆ ಸೋಲಾಪುರ ಚಾದರ ತಂದೆ.

ಹೆಂಡತಿ ಶಾಂತಾ ಓಡಿ ಬಂದಳು. "ಅಯ್ಯ, ಅದು ಮದುವ್ಯಾಗ ನಿಮಗ ನಮ್ಮಪ್ಪ ಕೊಟ್ಟದ್ದರೀ!"

"ನಿಮ್ಮಪ್ಪನ ದೋಣಿಗೇ ಹೋಗ್ತದಲ್ಲ! ಅರಿವಿ ವಿಷಯದಾಗ ನನಗ ಶಾಣ್ಯಾತನ ಹೇಳಬ್ಯಾಡ."

ದೋಣಿಯನ್ನು ಮಲಗುವ ಹೊರಸಿನ ಮೇಲೆ ಬೋರಲು ಹಾಕಿ, ಒಡಕಿನ ಮೇಲೆ ಚಾದರ ಹೊದಿಸಿದೆ. ಔಷಧದ ಬಾಟಲಿಯ ಮೇಲೆ ಅಳತೆ ಬರೆದಿತ್ತು. ಆದರೆ ನಮ್ಮ ವಂಶದಲ್ಲಿ ಅಳತೆಯ ಮೇಲೆ ಒಂದಿಷ್ಟು ಕೊಸರು ಬಿಡದೆ ಯಾರೂ ಅರಿವೆ ಹರಿದವರಲ್ಲ. ಕೈ ತಾನೇ ವಾಲಿತು. ಕೊಸರು ಬಿತ್ತು!

ರಾಳದ ಡಬ್ಬಿ ಕುದಿಯಿತು. ಹೊಗೆ ಎದ್ದಿತು. ಗಾಬರಿಯಿಂದ ಅಷ್ಟನ್ನೂ ಚಾದರದ ಮೇಲೆ ಸುರಿದೆ. ಮಡಿಕೆ ಬಿಡಿಸುವಷ್ಟರಲ್ಲಿ ಚಾದರ ಕಲ್ಲಾಗಿತ್ತು. ಒಡಕಿನಿಂದ ಸೋರಿ, ಅಂಚಿನಿಂದ ಇಳಿದ ರಾಳ ದೋಣಿಗೂ ಹೊರಸಿಗೂ ಗಟ್ಟಿ ಸಂಬಂಧ ಬೆಳೆಸಿತ್ತು.

"ಈಗರೆ ಬಿಡ್ರಿ" ಎಂದಳು ಶಾಂತಾ.

"ಬಿಡೋ ಮಾತೇ ಇಲ್ಲ!"

ಹೊರಸನ್ನೇ ಗರಗಸದಿಂದ ಕೊಯ್ದೆ. ಅದರ ಅಡ್ಡಪಟ್ಟಿಯೊಂದು ಏನು ಮಾಡಿದರೂ ದೋಣಿ ಬಿಟ್ಟು ಬರಲಿಲ್ಲ. ಕೂರಲು ಆಸನವಾಯಿತು ಎಂದುಕೊಂಡೆ.

ಸೀತನಿ ಹೊತ್ತಿಗೆ ಸರಿಯಾಗಿ ದೋಣಿ ಅಕ್ಕಲಕೋಟ ಸೇರಿತು. ನೆಂಟರೆಲ್ಲ ದಂಡೆಯಲ್ಲಿ ನಿಂತರು. ಮೊದಲು ನಾನೇ ಕೂತೆ. ದೋಣಿ ಚಾದರದ ಭಾರಕ್ಕೆ ಒಂದು ಕಡೆ ವಾಲಿತು. ಮಡಿಕೆಗಳ ಸಂದಿಯಿಂದ ನೀರು ನುಗ್ಗಿತು. ನಾನು ಮುಳುಗಿದೆ. ಮೊಣಕಾಲುದ್ದದ ನೀರಿನಲ್ಲಿ!

ಮಾವ ಸಿಟ್ಟು ಬಂದಾಗ ಮಾತ್ರ ನನ್ನನ್ನು ಮರಾಠಿಯಲ್ಲಿ ಅಳಿಯ ಎಂದು ಕರೆಯುತ್ತಾರೆ. "ಜಾವೈಬಾಪು, ಮ್ಯಾಲ ಬರ್ರಿ" ಎಂದರು, ಕೋಲು ಹಿಡಿದು ಹೊಲಕ್ಕೆ ಸುತ್ತು ದಾರಿಯಲ್ಲಿ ಹೊರಟೇಬಿಟ್ಟರು. ಬೈದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಮರುವರ್ಷ ಚಳಿಯಲ್ಲಿ ಮತ್ತೆ ಹೋದೆವು. ಊಟವಾದ ಮೇಲೆ ಎಲ್ಲರಿಗೂ ಹೊದೆಯಲು ಕೊಟ್ಟರು, ನನಗೊಬ್ಬನಿಗೆ ಇಲ್ಲ. "ಮಾವಾರ, ನನಗೊಂದು ಚಾದರ?" ಎಂದೆ.

ಮಾವ ಕೊಟ್ಟಿಗೆಯ ಕಡೆ ಕೈ ತೋರಿಸಿದರು. ಅಲ್ಲಿ ನನ್ನ ದೋಣಿಯ ತುಂಬ ಮೇವು. ಅದೇ ಎತ್ತು ಅದರಲ್ಲಿ ಮುಖ ಹಾಕಿ ನಿಂತಿತ್ತು.

"ಸ್ವಲ್ಪ ತಡೀರಿ, ಅಳಿಯಂದ್ರ. ನಿಮ್ಮ ಚಾದರದಾಗ ಎತ್ತು ಇನ್ನೂ ಮೇಯಾಕತ್ತದ!"