ನಮ್ಮ ದುರಂತ ನಾಟಕದ ಪಾಡು

ನಾಟಕ ಆಡಿಸುವವನಿಗೆ ಬೇರೆ ವೈರಿಗಳು ಬೇಕಾಗಿಲ್ಲ. ಪರದೆಯ ಒಳಗೆ ನಟರಿರುತ್ತಾರೆ, ಹೊರಗೆ ಪ್ರೇಕ್ಷಕರಿರುತ್ತಾರೆ. ಪ್ರದರ್ಶನದ ದಿನ ಏನೂ ಆಗದೆ ಮನೆಗೆ ಬಂದೆ ಎಂದರೆ ನನ್ನ ಹೆಂಡತಿಯೇ ನಂಬುವುದಿಲ್ಲ.

ನಾನು ಕೊಪ್ಪಳದಲ್ಲಿ ಕನ್ನಡ ಮಾಸ್ತರ. ನಮ್ಮ ಹವ್ಯಾಸಿ ತಂಡ ಒಂದೇ ಒಂದು ಹಳೆಯ ನಾಟಕ ಹಿಡಿದುಕೊಂಡು ಊರೂರು ತಿರುಗಿತು. ಕಥೆ ಸರಳ. ಅಕ್ಕಿ ಗಿರಣಿಯ ಸಾಹುಕಾರ ಒಬ್ಬ ಕೂಲಿ ಹೆಣ್ಣುಮಗಳನ್ನು ಕೆಲಸದಿಂದ ತೆಗೆಯುತ್ತಾನೆ. ‘ಆಕೆಯ ಬಾಳಿಗೆ ನಾವೂ ಹೊಣೆ’ ಎಂದು ಮಗ ಅಪ್ಪನಿಗೆ ಎದುರು ನಿಲ್ಲುತ್ತಾನೆ. ಅಪ್ಪ ಕೇಳುವುದಿಲ್ಲ. ಕೊನೆಗೆ ಆಕೆ ಗಿರಣಿಯ ಬಾಗಿಲಲ್ಲೇ ಹಸಿವಿನಿಂದ ಬಿದ್ದು ಸಾಯುತ್ತಾಳೆ. ಆ ಸಾವು ನೋಡಿ ಜನ ತಲೆ ತಗ್ಗಿಸಿಕೊಂಡು ಮನೆಗೆ ಹೋಗಬೇಕು ಎಂಬುದೊಂದೇ ನನ್ನ ಆಸೆ. ಈ ವರ್ಷ ನನ್ನ ನಿವೃತ್ತಿ. ಅಷ್ಟರೊಳಗೆ ಒಮ್ಮೆಯಾದರೂ ಆಕೆ ಸರಿಯಾಗಿ ಸಾಯಬೇಕಿತ್ತು.

ಮಾಫಿ

ಸಾಹುಕಾರನ ಪಾತ್ರಕ್ಕೆ ಭಾಗ್ಯನಗರದ ಹಾರ್ಡ್‌ವೇರ್ ಅಂಗಡಿಯ ಯಜಮಾನರು ಸಿಕ್ಕರು. ಮಗನ ಪಾತ್ರಕ್ಕೆ ಅವರ ಸ್ವಂತ ಮಗ. ಈತನಿಗೆ ಮೀಸೆ ಬಂದು, ಮದುವೆಯಾಗಿ, ಮಕ್ಕಳಾಗಿದ್ದರೂ ಅಪ್ಪನ ಮುಂದೆ ಕುರ್ಚಿಯಲ್ಲಿ ಕೂತವನಲ್ಲ. ತಾಲೀಮಿನಲ್ಲಿ ‘ನೀವು ಮನುಷ್ಯರಲ್ಲ, ಕಟುಕರು!’ ಎಂದು ಗುಡುಗಬೇಕಾದ ಕಡೆ ಕೈಕಟ್ಟಿ ನಿಂತು, "ಅಪ್ಪಾರ, ತಪ್ಪ ತಿಳ್ಕೋಬ್ಯಾಡ್ರಿ, ನೀವು ಕಟುಕರು ಅದೀರಂತ್ರಿ" ಅಂದ.

ನಾನು ಹಣೆ ಹಣೆ ಬಡಿದುಕೊಂಡೆ. ಕೊನೆಗೆ ಅಪ್ಪನಿಗೇ ಕನಿಕರ ಬಂತು. "ಬೈಯಪಾ, ನಾಟಕದ ಮಟ್ಟಿಗಿ ಎಲ್ಲಾ ಮಾಫಿ ಐತಿ" ಅಂದರು.

ಅಷ್ಟು ಸಾಕಾಯಿತು. "ನೀವು ಕಟುಕರು!" ಎಂದು ಶುರುಮಾಡಿದವನು ನಿಲ್ಲಲೇ ಇಲ್ಲ. "ನನಗ ಮಕ್ಕಳಾದ್ವು, ಇನ್ನೂ ಗಲ್ಲಾದ ಕೀಲಿ ನಿಮ್ಮ ಉಡದಾರದಾಗ ಐತಿ! ಗಿರಾಕಿ ಮುಂದ ನನ್ನ ‘ಏ ಹುಡುಗಾ’ ಅಂತೀರಿ!"

ಯಜಮಾನರು ನಿಧಾನವಾಗಿ ನನ್ನ ಕಡೆ ತಿರುಗಿದರು. "ಮಾಸ್ತರ, ಇದು ಪುಸ್ತಕದಾಗ ಐತೇನ್ರಿ?"

"ಇಲ್ರಿ."

"ಹಂಗಾದ್ರ ಇದಕ್ಕ ಮಾಫಿ ಇಲ್ಲ" ಅಂದರು.

ಸಮಾ ಸಮಾ

ಯಲಬುರ್ಗಾದ ಕಡೆ ಒಂದು ಹಳ್ಳಿಯಲ್ಲಿ ಮೊದಲ ಪ್ರದರ್ಶನ. "ಕೂಲಿ ಕೊಟ್ಟೀನಿ, ಅಲ್ಲಿಗೆ ನನ್ನ ಸಂಬಂಧ ಮುಗೀತು. ಈಗಿನ ಹುಡುಗರಿಗೆ ದುಡಿಮಿ ಅಂದ್ರೇನು ಗೊತ್ತೈತಿ?" ಎಂದು ಸಾಹುಕಾರ ಅಬ್ಬರಿಸಿದ್ದೇ ತಡ, ಮುಂದೆ ಕೂತಿದ್ದ ಹಿರಿಯರೆಲ್ಲ "ಒನ್ಸ್ ಮೋರ್!" ಎಂದು ಕೂಗಿದರು. ನಮ್ಮ ಕಡೆ ಒನ್ಸ್ ಮೋರ್ ಬಂದರೆ ದೇವರ ಅಪ್ಪಣೆ ಆದ ಹಾಗೆ. ಯಜಮಾನರು ಹಿಗ್ಗಿ ಮತ್ತೊಮ್ಮೆ ಹೇಳಿದರು. ಜನ ಇದನ್ನು ಕೇಳಿ ಅಪ್ಪನನ್ನು ದ್ವೇಷಿಸಬೇಕು ಎಂದು ನಾನು ಬೆವರು ಸುರಿಸಿ ಕಲಿಸಿದ ಮಾತು ಅದು!

ಮಗನ ಉತ್ತರ ಬಂದಾಗ ಹಿಂದೆ ನಿಂತಿದ್ದ ಹುಡುಗರು ಶಿಳ್ಳೆ ಹೊಡೆದು ಅದಕ್ಕೂ ಒನ್ಸ್ ಮೋರ್ ಅಂದರು. ಹಿರಿಯರು ಬಿಟ್ಟಾರೆಯೇ? ಮತ್ತೆ ಅಪ್ಪನದು, ಮತ್ತೆ ಮಗನದು. ಕಥೆ ಮುಂದಕ್ಕೆ ಹೋಗಲೊಲ್ಲದು. ಕೂಲಿ ಹೆಣ್ಣಿನ ಪಾತ್ರಧಾರಿ ಒಳಗೆ ಮಂಡಕ್ಕಿ ತಿನ್ನುತ್ತಾ ಸಾಯುವ ಸರದಿಗಾಗಿ ಕಾಯುತ್ತಿದ್ದರು.

ಅಷ್ಟರಲ್ಲಿ ಪಂಚಾಯ್ತಿ ಹಿರಿಯರೊಬ್ಬರು ಒಳಗೆ ಬಂದು ನನ್ನ ಕಿವಿಯಲ್ಲಿ, "ಸರ, ಇಬ್ಬರಿಗೂ ಸಮಾ ಸಮಾ ಆಗೈತಿ, ಇಲ್ಲಿಗೆ ಮುಗಿಸಿಬಿಡ್ರಿ. ಊರಾಗ ಇನ್ನೂ ಒಗ್ಗಟ್ಟೈತಿ" ಅಂದರು.

ತಿಥಿ

ಕುಷ್ಟಗಿಗೆ ಹೊರಡುವ ಮುಂಚೆ ಯಜಮಾನರು ಮುಖ ಸಣ್ಣದು ಮಾಡಿಕೊಂಡು ಬಂದರು. ನಾಟಕದ ಸುದ್ದಿ ಭಾಗ್ಯನಗರಕ್ಕೂ ಮುಟ್ಟಿತ್ತು. ಅಂಗಡಿಗೆ ಬಂದ ಹೆಂಗಸರು, ಒಂದು ಚಿಲಕ ಕೊಳ್ಳಲು ಬಂದವರೂ ಸಹ, "ಆ ಹೆಣ್ಮಗಳಿಗಿ ಅಷ್ಟ ಕಾಡಬಾರದಿತ್ರಿ" ಎಂದು ಹೇಳಿಯೇ ಹೋಗುತ್ತಿದ್ದರಂತೆ.

"ಮಾಸ್ತರ, ಒಂದ ಸೀನಿನಾಗ ನಾನು ಅನ್ನದಾನ ಮಾಡ್ಲೇನ್ರಿ?"

"ನೀವು ಅನ್ನ ಹಾಕಿದ್ರ ಆಕಿ ಹಸಿವಿನಿಂದ ಸಾಯೂದು ಹೆಂಗ್ರಿ?"

ಯಜಮಾನರು ಅದಕ್ಕೂ ದಾರಿ ಹುಡುಕಿದರು. "ಆಕಿ ಸಾಯ್ಲಿ ಬಿಡ್ರಿ. ಆಕಿ ತಿಥಿ ದಿನ ಅನ್ನದಾನ ಮಾಡ್ತೀನಿ."

ನಾನು ಒಪ್ಪಲಿಲ್ಲ. ಅವರ ಶಾಪವೋ ಏನೋ, ಕುಷ್ಟಗಿಯಲ್ಲಿ ಆಕೆ ಬೀಳುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗಿ, ಬಿದ್ದದ್ದು ಒಬ್ಬರಿಗೂ ಕಾಣಲಿಲ್ಲ.

ಉಡಿ

ಉಳಿದದ್ದು ಗಂಗಾವತಿ. ಅದೇ ಕೊನೆಯ ಪ್ರದರ್ಶನ. ಮುಂದಿನ ಸಾಲಿನ ತುಂಬ ಗಿರಣಿಗೆ, ಗದ್ದೆಗೆ ಹೋಗುವ ಹೆಂಗಸರು. ಒನ್ಸ್ ಮೋರ್ ಇಲ್ಲ, ಶಿಳ್ಳೆ ಇಲ್ಲ, ಕರೆಂಟೂ ಇತ್ತು. ಇವತ್ತು ಗೆದ್ದೆ ಅಂದುಕೊಂಡೆ.

ಕೂಲಿ ಹೆಣ್ಣಾಗಿದ್ದವರು ಒಬ್ಬ ಅಂಗನವಾಡಿ ಟೀಚರು, ಬಲು ಜೀವ ತುಂಬಿ ಅಭಿನಯಿಸುವವರು. ಗಿರಣಿಯ ಬಾಗಿಲ ಮುಂದೆ ತೂರಾಡುತ್ತಾ ಬಂದು, "ಒಂದು ಹಿಡಿ ಅಕ್ಕಿ..." ಎಂದು ಸೆರಗೊಡ್ಡಿದರು. ಇನ್ನು ಬೀಳಬೇಕು, ಅಷ್ಟೇ.

ಮುಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು, ಕೈಚೀಲ ಹಿಡಿದುಕೊಂಡು ಸೀದಾ ರಂಗದ ಮೇಲೆ ಹತ್ತಿಬಿಟ್ಟರು. ಅರಿಷಿಣ ಕುಂಕುಮ ಹಚ್ಚಿ, ಒಡ್ಡಿದ ಸೆರಗಿನಲ್ಲಿ ಅಕ್ಕಿ, ಕಾಯಿ, ಕುಬಸದ ಖಣ ಹಾಕಿ ಕ್ರಮವಾಗಿ ಉಡಿ ತುಂಬಿದರು. ಸಂಘಟಕರೊಬ್ಬರು ಓಡಿ ಬಂದು, "ಅಮ್ಮಾ, ಇದು ಗುಡಿ ದ್ಯಾಮವ್ವಗ ತಂದದ್ದಲ್ಲೇನಬೇ?" ಅಂದರು.

"ದ್ಯಾಮವ್ವಗ ನಾಳಿ ತುಂಬ್ತೀನಿ. ಈಕಿ ಇವತ್ತ ಸಾಯ್ತಾಳ."

ಅಜ್ಜಿಯ ಮನಸ್ಸು ದೊಡ್ಡದು, ನಿಜ. ಆದರೆ ನಾಟಕವೂ ಕೆಡುತ್ತಿತ್ತಲ್ಲ! ಪರದೆಯ ಮರೆಯಿಂದ "ಬೀಳ್ರಿ, ಬೀಳ್ರಿ" ಎಂದು ಪಿಸುಗುಟ್ಟಿದೆ.

ಟೀಚರು ತುಂಬಿದ ಉಡಿ ಹಿಡಿದುಕೊಂಡು ನನ್ನತ್ತ ತಿರುಗಿ, ಮೈಕಿನಲ್ಲೇ ಕೇಳಿದರು: "ಸರ, ಉಡ್ಯಾಗ ಇಷ್ಟ ಅಕ್ಕಿ ಇಟ್ಕೊಂಡು ಹಸಿವಿನಿಂದ ಹೆಂಗ ಸಾಯ್ಲಿ?"

ಅಜ್ಜಿಯ ಕಿವಿ ಚುರುಕು. "ಒಳಗ ಕುಂತು ಸಾಯಿ ಸಾಯಿ ಅನ್ನಾಂವ ಯಾಂವ? ಹೊರಗ ಬಾ!"

ಬಂದೆ. ಇಡೀ ಸಭೆ ನನ್ನನ್ನೇ ನೋಡುತ್ತಿತ್ತು. ಯಜಮಾನರಂತೂ ಯಾರನ್ನೂ ಕೇಳದೆ, "ನಾಳಿಂದ ಕೆಲಸಕ್ಕ ಬಾರವಾ ತಂಗಿ" ಅಂದೇಬಿಟ್ಟಿದ್ದರು. ಮಗ ಅವರ ಪಕ್ಕದಲ್ಲಿ ಹಲ್ಲು ಕಿರಿಯುತ್ತಾ ನಿಂತಿದ್ದ.

"ಈಕಿ ಸಾಯಬೇಕು ಅನ್ನಾಂವ ನೀನೇನು?" ಅಜ್ಜಿ ಕೇಳಿದರು.

"ನಾನಲ್ಲಬೇ. ನಾಟಕ ಬರದೋರು ಹಂಗ ಬರದಾರ."

"ಎಲ್ಲಿ ಅದಾನ ಅಂವ? ಕರಿ."

"ಅವರು ತೀರಿಕೊಂಡು ಭಾಳ ವರ್ಷ ಆತಬೇ."

"ಹಂಗಾದ್ರ ಅಂವಗೇನ ಗೊತ್ತಾಗ್ತೈತಿ?" ಅಂದರು ಅಜ್ಜಿ. "ಈಕೀನ ಬದುಕಸು."