ಬೆಲ್ಟು ಬೀಳದ ಶುಕ್ರವಾರ

ಡೆಲ್ಮರ್ ಇನ್ನೂ ಒಂದು ಸಾಲು ಪೂರ್ತಿ ಉತ್ತಿರಲಿಲ್ಲ. ತೋಟದ ಪುಟ್ಟ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಸಿದ್ದ, ಮಣ್ಣು ಉಳುವ ಟಿಲ್ಲರಿನ ಬೆಲ್ಟು ಪುಲ್ಲಿಯಿಂದ ಜಾರಿ ಮಣ್ಣಿಗೆ ಬಿತ್ತು. ಇಳಿದು ಹಾಕಿದ, ಹತ್ತಿ ಕೂತ. ನಾಲ್ಕು ಮಾರು ಹೋಗುವಷ್ಟರಲ್ಲಿ ಮತ್ತೆ ಬಿತ್ತು.

ಬೇರೆ ದಿನವಾಗಿದ್ದರೆ ಗೊಣಗಿಕೊಂಡು ಒಳಗೆ ಹೋಗಬಹುದಿತ್ತು. ಆದರೆ ಅಂದು ಗುಡ್ ಫ್ರೈಡೇ. ಇಂಡಿಯಾನಾದ ಆ ಮೂಲೆಯಲ್ಲಿ ಗುಡ್ ಫ್ರೈಡೇ ದಿನ ಆಲೂಗಡ್ಡೆ ನೆಡದವನನ್ನು ಜನ ಮುಂದಿನ ಈಸ್ಟರ್‌ವರೆಗೂ ಆಡಿಕೊಳ್ಳುತ್ತಾರೆ. ಅದೂ ಸಾಲದೆಂದು ಸಂಜೆ ಮೀನೂಟಕ್ಕೆ ಬೀದಿಯ ಆ ತುದಿಯ ಮಾವ ಉರ್ಬನ್ ಬರುವವರಿದ್ದರು. ಟ್ರ್ಯಾಕ್ಟರು ಅವರದೇ. ಮಂಡಿನೋವೆಂದು ಹೋದ ಚಳಿಗಾಲದಲ್ಲಿ ಅಳಿಯನಿಗೆ ಕೊಟ್ಟಿದ್ದರು. "ಗುರುವಾರ ಸಂಜೆ ಬಂದು ಒಂದ್ ವಿಷಯ ತೋರಿಸ್ಕೊಡ್ತೀನಿ" ಎಂದು ಫೋನು ಮಾಡಿದಾಗ ಡೆಲ್ಮರ್, "ಬೇಡಿ ಮಾವ, ನಂಗೆಲ್ಲ ಗೊತ್ತು" ಎಂದುಬಿಟ್ಟಿದ್ದ. ಕುರ್ಚಿ ಕಾರ್ಖಾನೆಯ ಗುಮಾಸ್ತನಿಗೆ ಪೆನ್ನು ಬಿಟ್ಟರೆ ಬೇರೇನೂ ಹಿಡಿಯಲು ಬಾರದು ಎಂಬುದು ಮಾವನ ಹಳೆಯ ಮಾತು. ಇವತ್ತು ಅದನ್ನು ಸುಳ್ಳು ಮಾಡಬೇಕಿತ್ತು.

ಹೆಚ್ಚಿಟ್ಟ ಬಿತ್ತನೆ ಆಲೂಗಡ್ಡೆಯ ಬಕೆಟ್ಟನ್ನು ಪಕ್ಕದಲ್ಲಿಟ್ಟುಕೊಂಡು ಹೆಂಡತಿ ಲೊರೇನ್ ಮೆಟ್ಟಿಲ ಮೇಲೆ ಕೂತಿದ್ದಳು. "ಪಕ್ಕದ್ಮನೆ ಕ್ಲೆಟಸ್‌ನ ಕರೀಲಾ? ಪ್ರತಿ ವರ್ಷ ಬೀದಿಯವರ ಹಿತ್ತಲೆಲ್ಲ ಅವರೇ ತಾನೆ ಉಳೋದು."

"ಅವರನ್ನ ಕರೆದ್ರೆ ನಾನು ಊಟ ಬಿಡ್ತೀನಿ ನೋಡು."

"ಬಿಡು. ಸಂಜೆವರೆಗೂ ಹೇಗೂ ಉಪವಾಸ."

ಕರೆಯುವ ಅಗತ್ಯವೇ ಬೀಳಲಿಲ್ಲ. ಬೀದಿಯಲ್ಲಿ ಯಾರದಾದರೂ ಯಂತ್ರ ಕೆಟ್ಟಿತೆಂದರೆ ಸಾಕು, ಗಂಡಸರೆಲ್ಲ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಬರುತ್ತಾರೆ. ಮೊದಲು ಬಂದವರೇ ಕ್ಲೆಟಸ್, ಕೈಯಲ್ಲಿ ಕಾಫಿ ಲೋಟ ಹಿಡಿದು.

"ಸ್ಪ್ರಿಂಗ್ ಸಡಿಲ ಆಗಿದೆ ಕಣಯ್ಯ. ಬಿಗಿ ಮಾಡು."

ಬಿಗಿ ಮಾಡಿದ. ಬೆಲ್ಟು ಜಾರದೆ ನಿಂತಿತು, ಜೊತೆಗೆ ಹೊಗೆಯೂ ಬಂತು. ಸುಟ್ಟ ರಬ್ಬರಿನ ವಾಸನೆಗೆ ಎದುರು ಮನೆಯ ಒಡಿಲಿಯಾ ಅಜ್ಜಿ ಬೇಲಿಯ ಹತ್ತಿರ ಬಂದರು.

"ನಮ್ಮನೆಯವರು ಇದ್ದಾಗ ಬೆಲ್ಟಿಗೆ ಸೋಪು ಉಜ್ತಿದ್ರು, ಮಗ. ಕ್ಲೆಟಸ್, ನನ್ ಹಿತ್ತಲಿಗೆ ಯಾವಾಗ ಬರ್ತೀಯ?"

"ಮೂರು ಗಂಟೆ ಮೇಲೆ ಬರ್ತೀನಮ್ಮ. ಮೊದಲು ಇವನದು ಸರಿಯಾಗ್ಲಿ," ಎಂದರು ಕ್ಲೆಟಸ್. ಇಷ್ಟು ಅಕ್ಕರೆ ಯಾಕೆಂದು ಡೆಲ್ಮರ್‌ಗೆ ಆಗ ಹೊಳೆಯಲಿಲ್ಲ.

ಸೋಪು ಉಜ್ಜಿದ. ಈ ಸಲ ಬೆಲ್ಟು ಬೀಳಲಿಲ್ಲ, ಹಾರಿತು. ಲೊರೇನಳ ಬಟ್ಟೆ ತಂತಿಯ ಮೇಲೆ ಹೋಗಿ ಜೋತುಬಿತ್ತು. ಹಾರ್ಡ್‌ವೇರ್ ಅಂಗಡಿಯ ಲೈನಸ್ ಬಂದು ನಡುವಿನ ಪುಲ್ಲಿಗೆ ಸುತ್ತಿಗೆಯಿಂದ ಎರಡು ಏಟು ಕೊಟ್ಟು, ಬೆಲ್ಟೇ ಸರಿಯಿಲ್ಲವೆಂದ. ಅಂಗಡಿ ಇವತ್ತು ರಜೆ ಎಂದೂ ಹೇಳಿದ. ಡೆಲ್ಮರ್‌ನ ಮೊಣಕೈವರೆಗೂ ಗ್ರೀಸು, ಕಿವಿತುಂಬ ಸಲಹೆ.

ಅಷ್ಟರಲ್ಲಿ ಲೊರೇನ್ ಬಂದು ಟ್ರ್ಯಾಕ್ಟರಿನ ಬೀಗದ ಕೈ ಕಿತ್ತುಕೊಂಡಳು. "ಹನ್ನೆರಡಾಯ್ತು. ಯೇಸು ಶಿಲುಬೆ ಮೇಲಿದ್ದ ಹೊತ್ತು. ಮೂರರವರೆಗೆ ಈ ಮನೇಲಿ ಸದ್ದಾಗಕೂಡದು."

ಎಲ್ಲರೂ ಬಾಯಿ ಮುಚ್ಚಿದರು. ಆದರೆ ಒಬ್ಬರೂ ಮನೆಗೆ ಹೋಗಲಿಲ್ಲ.

ಡೆಲ್ಮರ್‌ಗೆ ಕೂರಲೂ ಆಗದು, ನಿಲ್ಲಲೂ ಆಗದು. ಬಿಸಿಲು ಜಾರುತ್ತಿತ್ತು, ಬಕೆಟ್ಟಿನ ಆಲೂಗಡ್ಡೆ ಕಪ್ಪಾಗುತ್ತಿತ್ತು. ಕೊನೆಗೆ ಕೈ ಸುಮ್ಮನಿರಲಾರದೆ, ಕಾರ್ಖಾನೆಯಿಂದ ತಂದ ಕುರ್ಚಿಯ ನೇರ ಮರದ ಪಟ್ಟಿಯೊಂದನ್ನು ಎತ್ತಿ ಮುಂದಿನ ಪುಲ್ಲಿಗೂ ಟಿಲ್ಲರಿನ ಪುಲ್ಲಿಗೂ ಒಟ್ಟಿಗೆ ಆನಿಸಿ ನೋಡಿದ. ಟಿಲ್ಲರಿನ ಪುಲ್ಲಿ ಸಾಲು ತಪ್ಪಿ ಹೊರಕ್ಕೆ ಚಾಚಿಕೊಂಡಿತ್ತು. ಸದ್ದಾಗದಂತೆ ಬಿಚ್ಚಿದರೆ ಅದರ ಹಿಂದೆ ಒಂದು ದಪ್ಪ ವಾಷರ್. ಯಾರೋ ಅಚ್ಚುಕಟ್ಟಾಗಿ ಅರ ಹಾಕಿ ಉಜ್ಜಿದ್ದರು.

ಕ್ಲೆಟಸ್ ಅದನ್ನು ಇಸಿದುಕೊಂಡು, ತಿರುಗಿಸಿ ತಿರುಗಿಸಿ ಬಹಳ ಹೊತ್ತು ನೋಡಿದರು. "ನಾನು ಬಿಸಾಕ್ತೀನಿ ಬಿಡು" ಎಂದು ಪಿಸುಗುಟ್ಟಿ ಜೇಬಿಗಿಳಿಸಿ ಮನೆಗೆ ನಡೆದರು.

ಮೂರಕ್ಕೆ ಎಂಜಿನ್ ಶುರುವಾಯಿತು. ಬೆಲ್ಟು ಅಲುಗಲಿಲ್ಲ. ಒಂದಿಡೀ ಸಾಲು ಮಣ್ಣು ಅವಲಕ್ಕಿಯಂತೆ ಉದುರಿತು. ಡೆಲ್ಮರ್ ತಿರುಗಿ ಹೆಂಡತಿಯ ಮುಖ ನೋಡಿದ. ಮದುವೆಯಾದಾಗಿನಿಂದ ಅವಳು ತನ್ನನ್ನು ಅಷ್ಟು ಮೆಚ್ಚಿಕೊಂಡು ನೋಡಿದ್ದು ಅವನಿಗೆ ನೆನಪಿರಲಿಲ್ಲ, ಎದೆ ಉಬ್ಬಿತು.

"ಮಗಾ," ಎಂದರು ಒಡಿಲಿಯಾ ಅಜ್ಜಿ ಬೇಲಿಯಾಚೆಯಿಂದ. "ಕ್ಲೆಟಸ್ ಟಿಲ್ಲರಿನ ಬೆಲ್ಟು ಬಿದ್ದೋಗ್ತಿದೆಯಂತೆ. ನಂದು ಅಂಗೈಯಗಲ ಜಾಗ."

ಒಂಟಿ ಮುದುಕಿಗೆ, ಅದೂ ಗುಡ್ ಫ್ರೈಡೇ ದಿನ, ಆಗಲ್ಲ ಅನ್ನುವುದು ಹೇಗೆ? ಅಂಗೈ ಮುಗಿಯಲು ಒಂದು ಗಂಟೆ ಹಿಡಿಯಿತು. ಹೊರಡುವಷ್ಟರಲ್ಲಿ ಲೈನಸ್ ಗೇಟು ತೆರೆದು ನಿಂತಿದ್ದ. "ಬೆಳಿಗ್ಗೆಯಿಂದ ನಿನ್ ಜೊತೇಲೇ ಇದ್ನಲ್ಲ." ಅವನದು ಮುಗಿಯುತ್ತಲೇ ಪಾದ್ರಿಗಳ ಹಿತ್ತಲಿಂದ ಕರೆ ಬಂತು. ಕೂಲಿ ಕೊಡುವ ಪದ್ಧತಿ ಆ ಬೀದಿಯಲ್ಲಿಲ್ಲ, ಇಲ್ಲವೆನ್ನುವ ಪದ್ಧತಿಯೂ ಇಲ್ಲ.

ಕತ್ತಲಾಗುವ ಹೊತ್ತಿಗೆ ಡೆಲ್ಮರ್ ತನ್ನ ಹಿತ್ತಲಿಗೆ ಬಂದರೆ ಮಾವ ಉರ್ಬನ್ ಅಲ್ಲಿ ಅಳಿಯ ಉತ್ತಿದ್ದ ಆ ಒಂದೇ ಸಾಲನ್ನು ನೋಡುತ್ತ ನಿಂತಿದ್ದರು.

"ಬೆಲ್ಟು ಬೀಳ್ಲಿಲ್ವೇನೋ?"

"ಇಲ್ಲ ಮಾವ. ನಾನೇ ಸರಿ ಮಾಡ್ದೆ. ಪುಲ್ಲಿ ಹಿಂದೆ ಯಾವನೋ ದಡ್ಡ ವಾಷರ್ ಹಾಕಿದ್ದ."

ಉರ್ಬನ್ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಆ ದಡ್ಡ ನಾನೇ. ಪ್ರತಿ ವರ್ಷ ಗುರುವಾರ ಸಂಜೆ ಅದನ್ನ ತೆಗೆದು ನಮ್ ಹಿತ್ತಲು ಉತ್ತು, ಮತ್ತೆ ಹಾಕಿಡ್ತಿದ್ದೆ. ಶುಕ್ರವಾರ ಎಲ್ಲರ ಮುಂದೆ ಬೆಲ್ಟು ಬೀಳ್ತಿತ್ತು. ಎಲ್ಲರೂ ಪಾಪ ಅಂದ್ಕೊಂಡು, ನನ್ನ ಬಿಟ್ಟು ಕ್ಲೆಟಸ್ ಹತ್ರ ಹೋಗ್ತಿದ್ರು. ಇದನ್ನೇ ತೋರಿಸ್ಕೊಡ್ತೀನಿ ಅಂದಿದ್ದು. ನಂಗೆಲ್ಲ ಗೊತ್ತು ಅಂದೆಯಲ್ಲ." ಆಮೇಲೆ ದನಿ ತಗ್ಗಿಸಿ ಕೇಳಿದರು, "ವಾಷರ್ ಎಲ್ಲಿ?"

ಡೆಲ್ಮರ್‌ನ ಕಣ್ಣು ಪಕ್ಕದ ಮನೆಯ ಜಗಲಿಗೆ ಹೋಯಿತು. ಅಲ್ಲಿ ಕ್ಲೆಟಸ್, ಎಷ್ಟೋ ವರ್ಷಗಳಲ್ಲಿ ಮೊದಲ ಸಲ, ಗುಡ್ ಫ್ರೈಡೇ ಸಂಜೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

"ಡೆಲ್ಮರ್," ಎಂದು ಅವರು ಅಲ್ಲಿಂದಲೇ ಕೂಗಿದರು, ಬೆಣ್ಣೆಯಂಥ ದನಿಯಲ್ಲಿ. "ನನ್ ಹಿತ್ತಲೊಂದು ಬಾಕಿ ಉಳೀತಲ್ಲಯ್ಯ. ಬಾ, ನಾನು ಟಾರ್ಚು ಹಿಡೀತೀನಿ."